ಹಕ್ಕಲಾಯುವ ಮೂವರು ಹೆಂಗಸರು
(ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿತ್ರಕಲೆಯಲ್ಲಿ ಒಕ್ಕಲು ಜೀವನ)

ಸುಗ್ಗಿ ಮುಗಿದು ತೆನೆಯೆಲ್ಲ ಕಣವನ್ನು ಸೇರಿದ ಮೇಲೆ ಹೊಲದಲ್ಲಿ ಅಲ್ಲಲ್ಲಿ ಬಿದ್ದುಳಿದ ತೆನೆಗಳಿಗೆ ನಮ್ಮಲ್ಲಿ ಹಕ್ಕಲು ಎಂದು ಹೆಸರು. ಅವನ್ನು ಬಾಗಿ ಬಾಗಿ ಆಯ್ದು ಮಡಿಲು ತುಂಬಿಕೊಳ್ಳುವವರು ಹೊಲದ ಒಡೆಯರಲ್ಲ, ಹೊಲವೇ ಇಲ್ಲದವರು. ಈ ಒಂದು ಶಬ್ದವು ನಮ್ಮ ಭಾಷೆಯಲ್ಲಿ ಇರುವುದರಿಂದ ಫ್ರಾನ್ಸ್ ದೇಶದ ಒಂದು ಜಗದ್ವಿಖ್ಯಾತ ಚಿತ್ರದ ಹೆಸರನ್ನು ಕನ್ನಡಕ್ಕೆ ತರಲು ನಾವು ತಡಕಾಡಬೇಕಾಗಿಲ್ಲ. ಜಾನ್ ಫ್ರಾನ್ಸ್ವಾ ಮಿಲೆ ಎಂಬ ಚಿತ್ರಕಾರನು 1857ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಪ್ರದರ್ಶನಕ್ಕಿಟ್ಟ ಆ ಚಿತ್ರದ ಹೆಸರು 'ಹಕ್ಕಲಾಯುವ ಹೆಂಗಸರು'.

ಇದರ ಅಚ್ಚುಪ್ರತಿಯೊಂದನ್ನು ಒಮ್ಮೆ ನಾಲ್ಕನೆಯ ಇಯತ್ತೆಯ ಮಕ್ಕಳ ಮುಂದೆ ಹಿಡಿದಿದ್ದೆನು. ಹೊಲ ಚೆಂದವಾಗಿದೆ, ಬಣ್ಣ ಚೆಂದವಾಗಿದೆ ಎಂದು ಬಹುಮಂದಿ ಹೇಳಿದರು. ಹಿಂದೆ ಕುಳಿತಿದ್ದ ಒಬ್ಬ ಹುಡುಗಿಯು ಮಾತ್ರ ಎದ್ದು ಬಂದು, ಚಿತ್ರದ ಬಲಮೂಲೆಯಲ್ಲಿ ಬೆರಳಿಟ್ಟು, "ಗುರುಗಳ, ಇಲ್ಲಿ ದೂರ ಕುದರಿ ಮ್ಯಾಲ ಕುಂತಾಂವ ಯಾರ್ರಿ?" ಎಂದು ಕೇಳಿದಳು. ಚಿತ್ರವನ್ನು ಎಷ್ಟೋ ಸಲ ನೋಡಿದ್ದ ನಾನು ಆ ಕುದುರೆಯವನನ್ನು ಅಂದಿನವರೆಗೆ ಗಮನಿಸಿಯೇ ಇರಲಿಲ್ಲ. ಆ ಪ್ರಶ್ನೆಗೆ ಉತ್ತರವನ್ನು ಹುಡುಕುತ್ತ ಹೋದಂತೆ ಒಂದು ಶತಮಾನದ ಇತಿಹಾಸವೇ ತೆರೆದುಕೊಂಡಿತು. ಅದನ್ನು ನನ್ನ ಸಹೋದ್ಯೋಗಿ ಶಿಕ್ಷಕ ಬಂಧುಗಳ ಮುಂದೆಯೂ ಮೇಲಿನ ತರಗತಿಗಳ ವಿದ್ಯಾರ್ಥಿಗಳ ಮುಂದೆಯೂ ಇಡುವುದು ಈ ಲೇಖನದ ಉದ್ದೇಶವಾಗಿದೆ.

ಚಿತ್ರದಲ್ಲಿ ಏನಿದೆ?

ಮೊದಲು ಚಿತ್ರವನ್ನು ನೋಡೋಣ. ಅದು ಸುಮಾರು 84 ಸೆಂಟಿಮೀಟರ್ ಎತ್ತರ, 111 ಸೆಂಟಿಮೀಟರ್ ಅಗಲವುಳ್ಳ ತೈಲಚಿತ್ರ. ಈಗ ಪ್ಯಾರಿಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಮುಂಭಾಗದಲ್ಲಿ ಮೂವರು ಹೆಂಗಸರು ಇದ್ದಾರೆ. ಇಬ್ಬರು ನೆಲದವರೆಗೆ ಬಾಗಿ ಕೂಳೆಗಳ ನಡುವಿನಿಂದ ತೆನೆಗಳನ್ನು ಹೆಕ್ಕುತ್ತಿದ್ದಾರೆ. ಮೂರನೆಯವಳು ಅರ್ಧ ಬಾಗಿ, ಆಯ್ದುದನ್ನು ಕೈಯಲ್ಲಿ ಹಿಡಿದುಕೊಂಡಿದ್ದಾಳೆ. ಒಬ್ಬಳು ಒಂದು ಕೈಯನ್ನು ಬೆನ್ನ ಹಿಂದಕ್ಕೆ ಮಡಿಸಿಕೊಂಡಿದ್ದಾಳೆ. ದಿನವಿಡೀ ಬಾಗಿ ದುಡಿದವರಿಗೆ ಆ ಭಂಗಿಯ ಅರ್ಥವನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುಖಗಳು ಸ್ಪಷ್ಟವಾಗಿ ಕಾಣುವುದಿಲ್ಲ. ಇವರ ಹಿಂದೆ ಬಹು ದೂರದಲ್ಲಿ ಬೇರೆಯೇ ಒಂದು ಲೋಕವಿದೆ. ಅಲ್ಲಿ ಎತ್ತರವಾದ ಬಣವೆಗಳು, ಸಿವುಡುಗಳನ್ನು ಹೇರಿದ ಬಂಡಿ, ಕೊಯ್ಲಿನವರ ಗುಂಪು, ಊರಿನ ಮಾಡುಗಳು, ಎಲ್ಲದರ ಮೇಲೂ ಹೊಂಬಿಸಿಲು. ಬಲಗಡೆಗೆ ಕುದುರೆಯ ಮೇಲೆ ಕುಳಿತು ಕೊಯ್ಲನ್ನು ನೋಡಿಕೊಳ್ಳುತ್ತಿರುವ ಒಬ್ಬ ಮನುಷ್ಯ. ಆತನು ಆ ದೊಡ್ಡ ಜಮೀನಿನ ಕಾರಭಾರಿ. ಸುಗ್ಗಿಯ ಸಮೃದ್ಧಿಯೆಲ್ಲ ಹಿಂದಿದೆ. ಅದರಲ್ಲಿ ಪಾಲಿಲ್ಲದ ಮೂವರು ಮುಂದಿದ್ದಾರೆ. ಚಿತ್ರದ ಅರ್ಥವೆಲ್ಲ ಈ ಅಂತರದಲ್ಲಿ ಅಡಗಿದೆ.

ಇಂಥ ಚಿತ್ರಗಳನ್ನು ಬರೆದವರನ್ನು ಕಲೆಯ ಇತಿಹಾಸಕಾರರು ವಾಸ್ತವವಾದಿಗಳೆಂದು ಕರೆಯುತ್ತಾರೆ. ಕಂಡುದನ್ನು ಕಂಡಂತೆ ಚಿತ್ರಿಸುವುದು ಅವರ ಧ್ಯೇಯವೆಂದು ಹೇಳುವುದುಂಟು. ಆದರೆ ಅವರು ಕಂಡುದೇನು, ಕಾಣದೆ ಬಿಟ್ಟುದೇನು, ಅವರ ಚಿತ್ರಗಳನ್ನು ಕೊಂಡವರು ಯಾರು ಎಂದು ವಿಚಾರಿಸಿದರೆ, ಆ ವಾಸ್ತವದಲ್ಲಿ ಎಷ್ಟು ಭಾಗ ಹೊಲದ್ದು, ಎಷ್ಟು ಭಾಗ ಪಟ್ಟಣದ ಬಯಕೆಯದು ಎಂಬ ಪ್ರಶ್ನೆ ಏಳುತ್ತದೆ.

1848ಕ್ಕೆ ಮುಂಚೆ

ಅಲ್ಲಿಯವರೆಗೆ ಫ್ರೆಂಚ್ ಚಿತ್ರಕಲೆಯಲ್ಲಿ ಒಕ್ಕಲಿಗನಿಗೆ ಸ್ಥಾನವೇ ಇರಲಿಲ್ಲವೆಂದಲ್ಲ. ಹದಿನೇಳನೆಯ ಶತಮಾನದಲ್ಲಿ ಲ ನ್ಯಾಂ ಸಹೋದರರು ಹಳ್ಳಿಯ ಬಡ ಕುಟುಂಬಗಳನ್ನು ಗಂಭೀರವಾಗಿ ಚಿತ್ರಿಸಿದ್ದರು. ಆದರೆ ಹದಿನೆಂಟನೆಯ ಶತಮಾನದ ಅರಮನೆಗಳಿಗೆ ಬೇಕಾದುದು ಬೇರೆ ಬಗೆಯ ಹಳ್ಳಿ. ಬೂಷೆಯಂಥ ಚಿತ್ರಕಾರರು ರೇಷ್ಮೆಯ ಉಡುಪು ತೊಟ್ಟ ಕುರುಬರ ಹುಡುಗಿಯರನ್ನು ಬರೆದರು. ಅವರ ಕುರಿಗಳಿಗೂ ರಿಬ್ಬನ್ನು ಕಟ್ಟಿದ್ದರು. ರಾಣಿ ಮಾರಿ ಆಂತ್ವಾನೆತಳು 1783ರಿಂದ ವರ್ಸಾಯ್ ಅರಮನೆಯ ತೋಟದಲ್ಲಿ ತನ್ನ ವಿಹಾರಕ್ಕಾಗಿ ಒಂದು ಆಟದ ಹಳ್ಳಿಯನ್ನೇ ಕಟ್ಟಿಸಿಕೊಂಡಳು. ಹೊಲದ ದುಡಿಮೆಯಿಂದ ದೂರವಿದ್ದವರಿಗೆ ಹೊಲವು ವಿಶ್ರಾಂತಿಯ ಕನಸಾಗಿತ್ತು.

ಚಿತ್ರಕಲೆಯಲ್ಲಿಯೂ ಒಂದು ಬಗೆಯ ಪಂಕ್ತಿಭೇದವಿತ್ತು. ಪ್ಯಾರಿಸಿನಲ್ಲಿ ಸರಕಾರದ ಆಶ್ರಯದಲ್ಲಿ ನಡೆಯುತ್ತಿದ್ದ ಮಹಾಪ್ರದರ್ಶನಕ್ಕೆ 'ಸಲೋನ್' ಎಂದು ಹೆಸರು. ಅಲ್ಲಿ ಪುರಾಣ, ಇತಿಹಾಸ, ಧರ್ಮಗಳ ವಿಷಯಗಳಿಗೆ ಅಗ್ರಪೂಜೆ. ದೊಡ್ಡ ದೊಡ್ಡ ಪಟಗಳು ದೇವತೆಗಳಿಗೂ ವೀರರಿಗೂ ಮೀಸಲು. ಹಳ್ಳಿಗರ ಬಾಳು ಸಣ್ಣ ಪಟಗಳಲ್ಲಿ, ವಿನೋದಕ್ಕಾಗಿ ಬರಬೇಕು. ಈ ಕಟ್ಟು ಮುರಿದುದು 1848ರ ಸುಮಾರಿಗೆ. ಅದಕ್ಕೆ ಕಾರಣವು ಕಲೆಗಿಂತ ಹೆಚ್ಚಾಗಿ ರಾಜಕಾರಣದಲ್ಲಿದೆ.

1848ರ ಫೆಬ್ರವರಿಯಲ್ಲಿ ಅರಸ ಲೂಯಿ ಫಿಲಿಪನ ಆಳಿಕೆಯು ಉರುಳಿ ಗಣರಾಜ್ಯವು ಸ್ಥಾಪಿತವಾಯಿತು. ವಯಸ್ಕ ಗಂಡಸರೆಲ್ಲರಿಗೂ ಮತದಾನದ ಹಕ್ಕು ದೊರೆಯಿತು. ಅದಕ್ಕೆ ಮುಂಚೆ ದೇಶದಲ್ಲಿ ಸುಮಾರು ಎರಡೂವರೆ ಲಕ್ಷ ಮತದಾರರಿದ್ದರು. ಈಗ ಆ ಸಂಖ್ಯೆ 90 ಲಕ್ಷಕ್ಕೆ ಏರಿತು. ಆಗ ಫ್ರಾನ್ಸಿನ ಜನರಲ್ಲಿ ನಾಲ್ಕರಲ್ಲಿ ಮೂರು ಪಾಲು ಹಳ್ಳಿಗಳಲ್ಲಿ ಇದ್ದುದರಿಂದ, ದೇಶದ ಭವಿಷ್ಯವು ಒಮ್ಮೆಲೇ ಒಕ್ಕಲಿಗನ ಕೈಗೆ ಬಂದಂತಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಹಳ್ಳಿಯ ಮತಗಳ ಬಲದಿಂದಲೇ ಲೂಯಿ ನೆಪೋಲಿಯನನು ಅಧ್ಯಕ್ಷನಾಗಿ ಆರಿಸಿಬಂದನು. 1851ರಲ್ಲಿ ಆತನು ಗಣರಾಜ್ಯವನ್ನು ಬಲಾತ್ಕಾರದಿಂದ ಮುರಿದಾಗ ಅನೇಕ ಹಳ್ಳಿಗಳು ಆಯುಧ ಹಿಡಿದು ಎದುರುನಿಂತವು. ಪಟ್ಟಣದವರಿಗೆ ಹಳ್ಳಿಗನು ಏಕಕಾಲಕ್ಕೆ ಆಸೆಯೂ ಭಯವೂ ಆದನು. ಅವನು ಸಾಧುವೋ, ಕ್ರೂರನೋ? ತೃಪ್ತನೋ, ಸಿಟ್ಟಾದವನೋ? ಸಲೋನಿಗೆ ಬಂದವರು ಚಿತ್ರಗಳ ಮುಂದೆ ನಿಂತು ಹುಡುಕುತ್ತಿದ್ದುದು ಈ ಪ್ರಶ್ನೆಯ ಉತ್ತರವನ್ನು.

ಒಂದೇ ಕಾಲದ ಎರಡು ಚಿತ್ರಗಳು

ಕ್ರಾಂತಿಯ ಸರಕಾರವು 1848ರಲ್ಲಿ ರೋಸಾ ಬೊನರ್ ಎಂಬ ಚಿತ್ರಕಾರ್ತಿಗೆ ಉಳುಮೆಯ ಚಿತ್ರವೊಂದನ್ನು ಬರೆದುಕೊಡಲು 3,000 ಫ್ರಾಂಕುಗಳಿಗೆ ಒಪ್ಪಿಸಿತು. 'ನಿವೆರ್ನೆಯ ಉಳುಮೆ' ಎಂಬ ಆ ಚಿತ್ರವು 1849ರ ಸಲೋನಿನಲ್ಲಿ ಎಲ್ಲರ ಮೆಚ್ಚುಗೆಗೆ ಪಾತ್ರವಾಯಿತು. ಆರಾರು ಎತ್ತುಗಳ ಎರಡು ಹೂಟಿಗಳು ಏರು ನೆಲದಲ್ಲಿ ಸಾಗುತ್ತಿವೆ. ಎತ್ತುಗಳ ಮೈಯ ಹೊಳಪು, ಗಂಗೆದೊಗಲಿನ ನೆರಿಗೆ, ಮಗುಚಿದ ಮಣ್ಣಿನ ತೇವ, ಇವೆಲ್ಲ ಕೈಯಿಂದ ಮುಟ್ಟಬಹುದೆಂಬಷ್ಟು ನಿಜವಾಗಿವೆ. ಒಂದು ಬಿಳಿಯ ಎತ್ತು ನಮ್ಮತ್ತ ಕಣ್ಣೆತ್ತಿ ನೋಡುತ್ತದೆ. ನಮ್ಮನ್ನು ನೋಡದಿರುವವರೆಂದರೆ ಉಳುವವರು ಮಾತ್ರ. ಅವರು ಎತ್ತುಗಳ ಮರೆಯಲ್ಲಿ ಸಣ್ಣವರಾಗಿದ್ದಾರೆ. ಪ್ರಾಣಿಗಳನ್ನು ಬರೆಯುವುದರಲ್ಲಿ ಈಕೆಯ ಸಮಾನರಿರಲಿಲ್ಲ. 1865ರಲ್ಲಿ ಫ್ರಾನ್ಸಿನ ಲೀಜನ್ ಆಫ್ ಆನರ್ ಗೌರವವನ್ನು ಪಡೆದ ಮೊದಲ ಚಿತ್ರಕಾರ್ತಿ ಈಕೆಯೇ. ಆಕೆಯ ಸಾಮರ್ಥ್ಯದಲ್ಲಿ ಯಾವ ಸಂದೇಹವೂ ಇಲ್ಲ. ಆದರೆ ಬೀದಿಗಳಲ್ಲಿ ರಕ್ತ ಹರಿದ ಮರುವರ್ಷ, ಶಾಂತವಾದ ಎತ್ತುಗಳ ಈ ನೆಲವು ನೋಡುಗರಿಗೆ ಎಷ್ಟು ಸಮಾಧಾನವನ್ನು ಕೊಟ್ಟಿರಬೇಕೆಂಬುದನ್ನು ಊಹಿಸುವುದು ಕಷ್ಟವಲ್ಲ.

ಅದೇ 1849ರಲ್ಲಿ ಗುಸ್ತಾವ್ ಕೂರ್ಬೆ ಎಂಬ ಮತ್ತೊಬ್ಬನು 'ಕಲ್ಲು ಒಡೆಯುವವರು' ಎಂಬ ಚಿತ್ರವನ್ನು ಬರೆದನು. ಈತನು ಸ್ವಿಜರ್ಲೆಂಡಿನ ಗಡಿಗೆ ಸಮೀಪದ ಓರ್ನಾ ಊರಿನ ಜಮೀನುದಾರನ ಮಗ. ದಾರಿಯಲ್ಲಿ ಜಲ್ಲಿ ಒಡೆಯುತ್ತಿದ್ದ ಮುದುಕನೊಬ್ಬನನ್ನೂ ಹುಡುಗನೊಬ್ಬನನ್ನೂ ಕಂಡು, ಅವರನ್ನು ತನ್ನ ಚಿತ್ರಶಾಲೆಗೆ ಕರೆಸಿಕೊಂಡು, ಹೆಚ್ಚುಕಡಿಮೆ ನಿಜವಾದ ಗಾತ್ರದಲ್ಲಿಯೇ ಬರೆದನು. ಹರಿದ ಅಂಗಿ, ತೇಪೆ ಹಾಕಿದ ಷರಾಯಿ, ತೂತುಬಿದ್ದ ಕಾಲುಚೀಲ. ಇಬ್ಬರ ಮುಖವೂ ನಮಗೆ ಕಾಣದು. ಹುಡುಗನು ಮುಂದೆ ಏನಾಗುವನೆಂಬುದನ್ನು ಮುದುಕನು ತೋರಿಸುತ್ತಿದ್ದಾನೆ. ಹೊಂಬಿಸಿಲಾಗಲಿ ಪ್ರಾರ್ಥನೆಯಾಗಲಿ ನೋಡುಗರಿಗೆ ಸಮಾಧಾನ ಕೊಡುವ ಬೇರಾವುದಾಗಲಿ ಅದರಲ್ಲಿ ಇಲ್ಲ. 1850-51ರ ಸಲೋನಿನಲ್ಲಿ ಇದು, ಇದರ ಜೊತೆಗೆ ಆರು ಮೀಟರಿಗೂ ಮಿಕ್ಕಿ ಅಗಲವಿದ್ದ 'ಓರ್ನಾದಲ್ಲಿ ಒಂದು ಶವಸಂಸ್ಕಾರ' ಎಂಬ ಚಿತ್ರ ಬಂದಾಗ ದೊಡ್ಡ ಕೋಲಾಹಲವೇ ಆಯಿತು. ವೀರರಿಗೆ ಮೀಸಲಾದ ಗಾತ್ರದಲ್ಲಿ ಹಳ್ಳಿಗರನ್ನು ನಿಲ್ಲಿಸಿದುದೇ ಅವನ ಅಪರಾಧವೆಂದು ಬಗೆದವರು ಬಹಳ. 'ಕಲ್ಲು ಒಡೆಯುವವರು' ಚಿತ್ರವು ಇಂದು ನಮಗೆ ಛಾಯಾಚಿತ್ರಗಳಲ್ಲಿ ಮಾತ್ರ ಉಳಿದಿದೆ. ಜರ್ಮನಿಯ ಡ್ರೆಸ್ಡೆನ್ ನಗರದ ಸಂಗ್ರಹದಲ್ಲಿದ್ದ ಅದು 1945ರಲ್ಲಿ, ಎರಡನೆಯ ಮಹಾಯುದ್ಧದ ಕಾಲಕ್ಕೆ ನಾಶವಾಯಿತು.

ಮಿಲೆಯ ಹೊಲ

ಇನ್ನು ಮಿಲೆಯ ಕಡೆಗೆ ಬರೋಣ. ಆತನು 1814ರ ಅಕ್ಟೋಬರ್ 4ರಂದು ನಾರ್ಮಂಡಿಯ ಸಮುದ್ರತೀರದ ಗ್ರೂಷಿ ಎಂಬ ಸಣ್ಣ ಹಳ್ಳಿಯಲ್ಲಿ ಒಕ್ಕಲು ಮನೆತನದಲ್ಲಿ ಹುಟ್ಟಿದನು. ಮನೆತನವು ತೀರ ಬಡತನದ್ದಾಗಿರಲಿಲ್ಲ. ಮಿಲೆಯು ಬಾಲ್ಯದಲ್ಲಿ ಹೊಲದ ಕೆಲಸವನ್ನು ಮಾಡಿದ್ದನು. ಜೊತೆಗೆ ಲ್ಯಾಟಿನ್ ಭಾಷೆಯನ್ನು ಕಲಿತು ಬೈಬಲ್ಲನ್ನೂ ರೋಮನ್ ಕವಿ ವರ್ಜಿಲನನ್ನೂ ಓದಿದ್ದನು. ಶೆರ್ಬೂರ್ಗ್ ನಗರದ ವಿದ್ಯಾರ್ಥಿವೇತನದ ನೆರವಿನಿಂದ 1837ರಲ್ಲಿ ಪ್ಯಾರಿಸಿಗೆ ಹೋಗಿ ಚಿತ್ರಕಲೆಯನ್ನು ಅಭ್ಯಾಸ ಮಾಡಿದನು. 1848ರ ಸಲೋನಿನಲ್ಲಿ ಅವನ 'ಕಾಳು ಕೇರುವವನು' ಎಂಬ ಚಿತ್ರವನ್ನು ಕ್ರಾಂತಿ ಸರಕಾರದ ಮಂತ್ರಿ ಲೆದ್ರು ರೋಲಾನನು 500 ಫ್ರಾಂಕಿಗೆ ಕೊಂಡನು. ಮರುವರ್ಷ ಪ್ಯಾರಿಸಿನಲ್ಲಿ ಕಾಲರಾ ಬೇನೆ ಹಬ್ಬಿದಾಗ ಮಿಲೆಯು ಹೆಂಡತಿ ಮಕ್ಕಳೊಡನೆ ಫೋಂತೆನ್‌ಬ್ಲೋ ಅರಣ್ಯದ ಅಂಚಿನ ಬಾರ್ಬಿಜೋನ್ ಎಂಬ ಹಳ್ಳಿಗೆ ಬಂದು ನೆಲೆಸಿದನು. 1875ರ ಜನವರಿ 20ರಂದು ತೀರಿಕೊಳ್ಳುವವರೆಗೆ ಅದೇ ಅವನ ಊರಾಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಿಲೆಯು ಬಾರ್ಬಿಜೋನಿಗೆ ಬಂದ 1849ರಲ್ಲಿಯೇ ಪ್ಯಾರಿಸಿನಿಂದ ಸಮೀಪದ ಮೆಲ್ಯೂಂ ಪಟ್ಟಣದ ಮೇಲೆ ಹಾಯ್ದುಹೋಗುವ ರೈಲುದಾರಿಯು ತೆರೆಯಿತು. ಬಾರ್ಬಿಜೋನಿನ ಮುಂದೆ ಹರಡಿದ್ದ ಶೈಯಿ ಬಯಲು ಪುರಾತನ ಕಾಲದ ಪುಟ್ಟ ಪುಟ್ಟ ಒಕ್ಕಲುಗಳ ಬಯಲಾಗಿರಲಿಲ್ಲ. ಪ್ಯಾರಿಸಿನ ಪೇಟೆಗೆ ಧಾನ್ಯವನ್ನು ಒದಗಿಸುವ ದೊಡ್ಡ ಜಮೀನುಗಳು ಅಲ್ಲಿದ್ದವು. ಕೂಲಿಯವರು ಅಲ್ಲಿ ದುಡಿಯುತ್ತಿದ್ದರು. 'ಹಕ್ಕಲಾಯುವ ಹೆಂಗಸರು' ಚಿತ್ರದ ಹಿನ್ನೆಲೆಯ ಬಣವೆಗಳೂ ಕುದುರೆಯ ಮೇಲಿನ ಕಾರಭಾರಿಯೂ ಬಂದುದು ಅಲ್ಲಿಂದಲೇ.

ಹಕ್ಕಲಾಯುವುದು ಫ್ರಾನ್ಸಿನಲ್ಲಿ ಬಡವರ ಹಳೆಯ ಹಕ್ಕಾಗಿತ್ತು. ಅರಸ ಎರಡನೆಯ ಹೆನ್ರಿಯ 1554ರ ಶಾಸನವು ಅದನ್ನು ಬಡವರಿಗೂ ಮುದುಕರಿಗೂ ಅಶಕ್ತರಿಗೂ ಒಪ್ಪಿಕೊಟ್ಟಿತ್ತು. ಆದರೆ ಆ ಹಕ್ಕಿಗೆ ಬೇಲಿಯೂ ಇತ್ತು. 1810ರ ದಂಡ ಸಂಹಿತೆಯ ಪ್ರಕಾರ, ಹೊಲದ ಬೆಳೆಯನ್ನು ಪೂರ್ಣವಾಗಿ ಸಾಗಿಸುವ ಮೊದಲು ಒಳಹೊಕ್ಕವರಿಗೂ, ಸೂರ್ಯೋದಯಕ್ಕೆ ಮುಂಚೆ ಅಥವಾ ಸೂರ್ಯಾಸ್ತದ ನಂತರ ಆಯ್ದವರಿಗೂ ದಂಡ ಬೀಳುತ್ತಿತ್ತು. ಆದುದರಿಂದ ಈ ಹೆಂಗಸರು ತಮ್ಮ ಹಕ್ಕನ್ನು ಚಲಾಯಿಸುತ್ತಿದ್ದರೂ ಬೇರೆಯವರ ಕಣ್ಣಳತೆಯಲ್ಲಿಯೇ ಚಲಾಯಿಸಬೇಕಾಗಿತ್ತು. ಆ ಹುಡುಗಿಯ ಪ್ರಶ್ನೆಗೆ ಮೊದಲ ಉತ್ತರ ಇದು.

1857ರಲ್ಲಿ ಚಿತ್ರವನ್ನು ಕಂಡ ಪ್ಯಾರಿಸಿನ ವಿಮರ್ಶಕರು ಹೇಗೆ ಬೆಚ್ಚಿದರೆಂಬುದು ಇಂದು ನಮಗೆ ಆಶ್ಚರ್ಯವೆನಿಸುತ್ತದೆ. ಒಬ್ಬನು ಈ ಮೂವರನ್ನು ದಾರಿದ್ರ್ಯದ ವಿಧಿದೇವತೆಗಳೆಂದು ಹಳಿದನು. 'ಫಿಗಾರೊ' ಪತ್ರಿಕೆಯ ವಿಮರ್ಶಕನಿಗೆ ಇವರ ಹಿಂದಿನ ದಿಗಂತದಲ್ಲಿ 1793ರ ಭಯಂಕರ ದಿನಗಳ ಈಟಿಗಳೂ ವಧಸ್ತಂಭಗಳೂ ಕಂಡವು. ಬಾಗಿದ ಮೂರು ಬೆನ್ನುಗಳಲ್ಲಿ ಅವರು ಏಳಲಿರುವ ಮೂರು ಬೆನ್ನುಗಳನ್ನು ಕಂಡರು. ಮಿಲೆಯು ಆ ಚಿತ್ರವನ್ನು 3,000 ಫ್ರಾಂಕಿಗೆ ಮಾರಿದನು. ಆ ಕಾಲದಲ್ಲಿ ಹೊಲದ ಕೂಲಿಯವನಿಗೆ ದಿನಕ್ಕೆ ಒಂದು, ಒಂದೂವರೆ ಫ್ರಾಂಕು ದೊರೆಯುತ್ತಿತ್ತೆಂಬುದನ್ನು ನೆನೆದರೆ, ಚಿತ್ರದಲ್ಲಿರುವವರಿಗೂ ಚಿತ್ರಕ್ಕೂ ನಡುವಿನ ದೂರ ಗೊತ್ತಾಗುತ್ತದೆ.

ಮಿಲೆಯು ತಾನು ಸಮಾಜವಾದಿಯಲ್ಲವೆಂದು ಹೇಳಿಕೊಳ್ಳುತ್ತಿದ್ದನು. 1863ರಲ್ಲಿ 'ಗುದ್ದಲಿ ಹಿಡಿದ ಮನುಷ್ಯ' ಎಂಬ ಚಿತ್ರಕ್ಕೂ ಇಂಥದೇ ನಿಂದೆ ಬಂದಾಗ ಅವನು ತನ್ನ ಗೆಳೆಯನಿಗೆ ಬರೆದ ಪತ್ರದ ತಾತ್ಪರ್ಯವು ಹೀಗಿದೆ: ನಾನು ಹಳ್ಳಿಯ ಸೊಬಗನ್ನು ಕಾಣುವುದಿಲ್ಲವೆಂದು ಜನರು ಹೇಳುತ್ತಾರೆ, ಹೂವುಗಳನ್ನೂ ಸೂರ್ಯನ ವೈಭವವನ್ನೂ ನಾನು ಕಾಣುತ್ತೇನೆ, ಆದರೆ ಅದೇ ಬಯಲಿನಲ್ಲಿ ಮುಂಜಾವಿನಿಂದ ಏದುಸಿರು ಬಿಡುತ್ತ ಒಂದು ಗಳಿಗೆ ಬೆನ್ನನ್ನು ನೆಟ್ಟಗೆ ಮಾಡಿಕೊಳ್ಳಲು ಯತ್ನಿಸುವ ಮನುಷ್ಯನನ್ನೂ ಕಾಣುತ್ತೇನೆ. ಈ ಮಾತು ಅವನ ಕಲೆಗೆ ಒಳ್ಳೆಯ ಭಾಷ್ಯವಾಗಿದೆ.

ಬ್ರೆತೊನನ ಹೊಲ

ಮಿಲೆಯ ಚಿತ್ರವು ಬಂದ ಎರಡೇ ವರ್ಷಗಳಲ್ಲಿ, 1859ರ ಸಲೋನಿಗೆ, ಜೂಲ್ ಬ್ರೆತೊನ್ ಎಂಬ ಚಿತ್ರಕಾರನು ಅದೇ ವಿಷಯದ ಮೇಲೆ 'ಹಕ್ಕಲಾಯುವವರನ್ನು ಮರಳಿ ಕರೆದುದು' ಎಂಬ ಚಿತ್ರವನ್ನು ಕಳುಹಿಸಿದನು. ಬ್ರೆತೊನನು 1827ರಲ್ಲಿ ಉತ್ತರ ಫ್ರಾನ್ಸಿನ ಕೂರಿಯೆರ್ ಎಂಬ ಹಳ್ಳಿಯಲ್ಲಿ ಹುಟ್ಟಿದವನು. 1848ರ ಹೊತ್ತಿಗೆ ಅವನೂ ಬಡತನವನ್ನೂ ಹಸಿವನ್ನೂ ಚಿತ್ರಿಸಿದ್ದನು. ಬರಬರುತ್ತ ಅವನ ಕುಂಚವು ಮೆದುವಾಯಿತು.

ಈ ಚಿತ್ರದಲ್ಲಿ ಸೂರ್ಯನು ಮುಳುಗುತ್ತಿದ್ದಾನೆ; ಆಕಾಶದಲ್ಲಿ ಎಳೆಯ ಚಂದ್ರನು ಮೂಡಿದ್ದಾನೆ. ಹೊಲದ ಕಾವಲುಗಾರನು ಗಡಿಕಲ್ಲಿಗೆ ಒರಗಿ, ಬಾಯಿಗೆ ಕೈಯನ್ನು ಅಡ್ಡಹಿಡಿದು ಹೆಂಗಸರನ್ನು ಕೂಗಿ ಕರೆಯುತ್ತಿದ್ದಾನೆ. ಮೇಲೆ ಹೇಳಿದ ಕಾಯಿದೆಯನ್ನು ನೆನೆಸಿಕೊಂಡರೆ ಈ ಕೂಗಿನ ಅರ್ಥವಾಗುತ್ತದೆ: ಹೊತ್ತು ಮುಳುಗಿತು, ಹಕ್ಕಿನ ಹೊತ್ತು ತೀರಿತು, ಹೊರಗೆ ಬನ್ನಿ. ಆದರೆ ಚಿತ್ರವನ್ನು ನೋಡಿದವರಿಗೆ ಅದು ಕಾಯಿದೆಯ ಕೂಗೆಂದು ತೋರುವುದಿಲ್ಲ; ದನಗಳನ್ನು ಮನೆಗೆ ಕರೆಯುವ ಸಂಜೆಯ ಕೂಗಿನಂತೆ ಇಂಪಾಗಿ ತೋರುತ್ತದೆ. ಹೆಂಗಸರು ಬರಿಗಾಲಿನಲ್ಲಿದ್ದಾರೆ, ಬಟ್ಟೆ ಹರಿದಿದೆ, ನಿಜ. ಆದರೂ ಅವರು ಬೆನ್ನು ನೆಟ್ಟಗೆ ಮಾಡಿ, ತಲೆಯ ಮೇಲೂ ಹೆಗಲ ಮೇಲೂ ಸಿವುಡುಗಳನ್ನು ಹೊತ್ತು, ಗ್ರೀಕ್ ದೇವಾಲಯದ ಪ್ರತಿಮೆಗಳಂತೆ ನಡೆದುಬರುತ್ತಾರೆ. ಹಕ್ಕಲಿನಲ್ಲಿ ದೊರೆತದ್ದು ಬೊಗಸೆ ತೆನೆಯೋ, ಬಂಡಿ ತೆನೆಯೋ ಎಂದು ಸಂದೇಹ ಬರುವಷ್ಟು ಸಮೃದ್ಧಿಯು ಅವರ ಕೈಗಳಲ್ಲಿದೆ.

ಸಾಮ್ರಾಜ್ಞಿ ಯೂಜೆನಿಯು ಈ ಚಿತ್ರವನ್ನು ಬಹಳ ಮೆಚ್ಚಿದಳು. ಅರಮನೆಯ ಹಣದಿಂದ ಅದನ್ನು ಕೊಂಡರು. 1862ರಲ್ಲಿ ಅದು ಪ್ಯಾರಿಸಿನ ಲಕ್ಸಂಬೂರ್ ಸಂಗ್ರಹಾಲಯವನ್ನು ಸೇರಿತು. ಅದೇ 1859ರ ಸಲೋನಿಗೆ ಮಿಲೆಯು ಕಳುಹಿಸಿದ್ದ 'ಸಾವು ಮತ್ತು ಕಟ್ಟಿಗೆ ಕಡಿಯುವವನು' ಎಂಬ ಚಿತ್ರವನ್ನು ಪರೀಕ್ಷಕರು ತಿರಸ್ಕರಿಸಿದರು. ವಿಷಯವು ಒಂದೇ, ಬಡತನವೂ ಒಂದೇ. ಒಂದರಲ್ಲಿ ಬಡತನವು ನೋಡುಗನನ್ನು ಪ್ರಶ್ನಿಸುತ್ತದೆ. ಇನ್ನೊಂದರಲ್ಲಿ ನೋಡುಗನನ್ನು ಸಂತೈಸುತ್ತದೆ. ಅರಮನೆಯು ಎರಡನೆಯದನ್ನು ಆರಿಸಿಕೊಂಡಿತು.

ಬ್ರೆತೊನನ ಹಳ್ಳಿಯ ಇತಿಹಾಸದಲ್ಲಿ ಇನ್ನೊಂದು ಪಾಠವಿದೆ. ಅವನು ಯುವಕನಾಗಿದ್ದಾಗಲೇ ಆ ಸೀಮೆಯ ನೆಲದಡಿಯಲ್ಲಿ ಕಲ್ಲಿದ್ದಲು ಸಿಕ್ಕಿತು. 1852ರಲ್ಲಿ ಕೂರಿಯೆರಿನ ಹೆಸರಿನಲ್ಲಿಯೇ ಗಣಿ ಕಂಪನಿಯು ಸ್ಥಾಪಿತವಾಯಿತು. ಹೊಲದ ಮಕ್ಕಳು ಗಣಿಗೆ ಇಳಿದರು. ಆದರೆ 1884ರಲ್ಲಿ ಬ್ರೆತೊನನು ಬರೆದ 'ಬಾನಾಡಿಯ ಹಾಡು' ಎಂಬ ಚಿತ್ರದಲ್ಲಿ ಅದರ ಗುರುತೂ ಇಲ್ಲ. ಕುಡುಗೋಲು ಹಿಡಿದ ಬರಿಗಾಲಿನ ಹುಡುಗಿಯು ಮೂಡುವ ಸೂರ್ಯನನ್ನು ಹಿಂದಿಟ್ಟುಕೊಂಡು ಹಕ್ಕಿಯ ಹಾಡನ್ನು ಆಲಿಸುತ್ತ ನಿಂತಿದ್ದಾಳೆ. ಚಿತ್ರವು ಮನೋಹರವಾಗಿದೆ. ಅದು ಅಮೆರಿಕದ ಶಿಕಾಗೋ ನಗರವನ್ನು ಸೇರಿತು. 1934ರಲ್ಲಿ ಅಲ್ಲಿನ ಪತ್ರಿಕೆಯೊಂದು ನಡೆಸಿದ ಸ್ಪರ್ಧೆಯಲ್ಲಿ ಅಮೆರಿಕನ್ನರ ಅತ್ಯಂತ ಪ್ರೀತಿಯ ಚಿತ್ರವೆಂದು ಆರಿಸಲ್ಪಟ್ಟಿತು. ಬ್ರೆತೊನನು 1906ರ ಜುಲೈ ತಿಂಗಳಲ್ಲಿ ತೀರಿಕೊಂಡನು. ಅದೇ ವರ್ಷದ ಮಾರ್ಚ್ 10ರಂದು ಕೂರಿಯೆರ್ ಕಂಪನಿಯ ಗಣಿಗಳಲ್ಲಿ ಸ್ಫೋಟವಾಗಿ 1,099 ಜನರು ಮಡಿದರು. ಯೂರೋಪಿನ ಗಣಿಗಳಲ್ಲಿ ಅಷ್ಟು ದೊಡ್ಡ ಅನಾಹುತವು ಬೇರೆ ನಡೆದಿಲ್ಲ. ಹುಡುಗಿಯು ಹಕ್ಕಿಯ ಹಾಡನ್ನು ಕೇಳುತ್ತಿದ್ದ ನಾಡಿನಲ್ಲಿಯೇ ಇದೂ ನಡೆಯಿತು.

ಸಂಜೆಯ ಗಂಟೆ

ಮಿಲೆಯು ಕಠೋರ ಸತ್ಯವನ್ನೇ ಹೇಳಿದನು, ಬ್ರೆತೊನನು ಸಿಹಿ ಮಾತನ್ನು ಆಡಿದನು ಎಂದು ಇಲ್ಲಿಗೆ ನಿಲ್ಲಿಸಿದರೆ ಲೇಖನವು ಸುಲಭವಾಗಿ ಮುಗಿಯುತ್ತದೆ. ಆದರೆ ಅದು ಪೂರ್ಣ ಸತ್ಯವಾಗುವುದಿಲ್ಲ. ಮಿಲೆಯ 'ಆಂಜೆಲ್ಯೂಸ್' ಎಂಬ ಚಿತ್ರದ ಕಥೆಯನ್ನೂ ಕೇಳಬೇಕು.

1857ರಿಂದ 1859ರ ಅವಧಿಯಲ್ಲಿ ಬರೆದ ಈ ಸಣ್ಣ ಚಿತ್ರದ ಅಗಲವು 66 ಸೆಂಟಿಮೀಟರ್ ಮಾತ್ರ. ಆಲೂಗಡ್ಡೆ ಅಗೆಯುತ್ತಿದ್ದ ಗಂಡ ಹೆಂಡಿರು ಸಂಜೆಯ ಗುಡಿಯ ಗಂಟೆಯನ್ನು ಕೇಳಿ ಕೆಲಸವನ್ನು ನಿಲ್ಲಿಸಿ ತಲೆಬಾಗಿದ್ದಾರೆ. ಗಂಡಸು ಟೋಪಿಯನ್ನು ತೆಗೆದು ಕೈಯಲ್ಲಿ ಹಿಡಿದಿದ್ದಾನೆ, ಹೆಂಗಸು ಕೈಜೋಡಿಸಿದ್ದಾಳೆ. ದೂರದ ದಿಗಂತದಲ್ಲಿ ಚರ್ಚಿನ ಗೋಪುರ. ಇದನ್ನು ಬರೆಯಿಸಿದ ಅಮೆರಿಕದ ಗಿರಾಕಿಯು ಚಿತ್ರವನ್ನು ಒಯ್ಯಲು ಬರಲಿಲ್ಲ. ಆ ಗೋಪುರವನ್ನು ಮಿಲೆಯು ಆಮೇಲೆ ಸೇರಿಸಿದನು. ಬಾಲ್ಯದಲ್ಲಿ ತನ್ನ ಅಜ್ಜಿಯು ಗಂಟೆಯ ಸದ್ದು ಕೇಳಿದೊಡನೆ ಹೊಲದ ಕೆಲಸವನ್ನು ನಿಲ್ಲಿಸಿ, ತೀರಿಹೋದವರಿಗಾಗಿ ಪ್ರಾರ್ಥನೆ ಮಾಡಿಸುತ್ತಿದ್ದ ನೆನಪಿನಿಂದ ಈ ಚಿತ್ರವು ಹುಟ್ಟಿತೆಂದು ಅವನೇ ಹೇಳಿದ್ದಾನೆ. ಎಂದರೆ ಅದು ಕಣ್ಣಮುಂದಿನ ಬಾರ್ಬಿಜೋನಿನ ವಾಸ್ತವಕ್ಕಿಂತ ಹೆಚ್ಚಾಗಿ, ಬಿಟ್ಟುಬಂದ ಗ್ರೂಷಿಯ ಸ್ಮೃತಿ. ಮಿಲೆಯು ಬಹುಪಾಲು ನೆನಪಿನಿಂದಲೇ ಚಿತ್ರಿಸುತ್ತಿದ್ದನು. ಆ ನೆನಪಿನಲ್ಲಿ ಬೈಬಲ್ಲೂ ವರ್ಜಿಲನೂ ಬೆರೆತಿದ್ದರು. ಸಮೀಪದಲ್ಲಿಯೇ ಹೋಗುತ್ತಿದ್ದ ರೈಲುಗಾಡಿಯು ಅವನ ಈ ಹೊಲಗಳಲ್ಲಿ ಕಾಣುವುದಿಲ್ಲ. ಅವನ ಬಿತ್ತುವವನೂ ಕೇರುವವನೂ ಯಾವ ಯುಗದವರಾದರೂ ಆಗಬಹುದು. ಬಡತನವನ್ನು ಮರೆಮಾಡಲಿಲ್ಲವಾದರೂ, ಅದಕ್ಕೆ ಕಾಲವೇ ಇಲ್ಲವೆಂಬಂತೆ, ಅದು ಅನಾದಿಯೆಂಬಂತೆ ತೋರಿಸಿದನು. ಅನಾದಿಯಾದುದಕ್ಕೆ ಯಾರೂ ಹೊಣೆಗಾರರಲ್ಲವಷ್ಟೆ! ಮಿಲೆಯ ಕಲೆಯಲ್ಲಿ ಇರುವ ರಮ್ಯತೆಯು ಇದೇ.

ಉಳಿದ ರಮ್ಯತೆಯನ್ನು ಸೇರಿಸಿದವರು ಬೇರೆಯವರು. ಮಿಲೆಯ ಗೆಳೆಯನಾದ ಸಾನ್ಸಿಯೆಯು ಬರೆದ ಜೀವನಚರಿತ್ರೆಯು 1881ರಲ್ಲಿ, ಇಬ್ಬರೂ ತೀರಿಹೋದ ಮೇಲೆ, ಪ್ರಕಟವಾಯಿತು. ಅದರಲ್ಲಿ ಮಿಲೆಯು ಹಸಿವನ್ನು ಸಹಿಸಿ ಭಕ್ತಿಯಲ್ಲಿ ಬಾಳಿದ ರೈತಋಷಿಯಾಗಿ ಕಂಡನು. ಚಿತ್ರಗಳ ಅಚ್ಚುಪ್ರತಿಗಳು ಮನೆಮನೆಯ ಗೋಡೆಗಳಿಗೆ ಬಂದವು. 1,000 ಫ್ರಾಂಕಿಗೆ ಮಾರಿಹೋಗಿದ್ದ 'ಆಂಜೆಲ್ಯೂಸ್' 1889ರ ಹರಾಜಿನಲ್ಲಿ 5,53,000 ಫ್ರಾಂಕಿಗೆ ಏರಿತು. ಫ್ರೆಂಚ್ ಸರಕಾರದ ಪರವಾಗಿ ಕೂಗಿದ ಆ ಬೆಲೆಯನ್ನು ಶಾಸನಸಭೆಯು ಮಂಜೂರು ಮಾಡದೆ ಇದ್ದುದರಿಂದ ಚಿತ್ರವು ಅಮೆರಿಕಕ್ಕೆ ಹೋಯಿತು. ಮರುವರ್ಷ ಶೋಶಾರ್ ಎಂಬ ಪ್ಯಾರಿಸಿನ ದೊಡ್ಡ ವ್ಯಾಪಾರಿಯು ಅದಕ್ಕೂ ಹೆಚ್ಚಿನ ಬೆಲೆ ಕೊಟ್ಟು ತಿರುಗಿ ತಂದನು. ಅವನ ಮರಣಾನಂತರ ಅದು ರಾಷ್ಟ್ರಕ್ಕೆ ಸೇರಿತು. ಈಟಿಗಳೂ ವಧಸ್ತಂಭಗಳೂ ಕಂಡಿದ್ದ 'ಹಕ್ಕಲಾಯುವ ಹೆಂಗಸರು' ಕೂಡ ಈ ಹೊತ್ತಿಗೆ ಶಾಂಪೇನ್ ಮದ್ಯದ ಒಡತಿ ಪೊಮ್ಮರಿಯ ಕೈಗೆ 3,00,000 ಫ್ರಾಂಕಿಗೆ ಬಂದಿತ್ತು. ಆಕೆಯು ಅದನ್ನು 1890ರಲ್ಲಿ ಲೂವ್ರ್ ಸಂಗ್ರಹಾಲಯಕ್ಕೆ ದಾನ ಮಾಡಿದಳು. ಚಿತ್ರದ ಒಂದು ಗೆರೆಯೂ ಬದಲಾಗಿರಲಿಲ್ಲ. ನೋಡುಗರ ಭಯವು ಮಾತ್ರ ಹೋಗಿತ್ತು. ಫ್ರಾನ್ಸಿನಲ್ಲಿ ಕಲಾವಿದರಿಗೂ ಅವರ ವಾರಸುದಾರರಿಗೂ ಮರುಮಾರಾಟದ ಬೆಲೆಯಲ್ಲಿ ಪಾಲು ಕೊಡುವ ಕಾಯಿದೆಯು 1920ರಲ್ಲಿ ಬಂದಿತು. ಅದನ್ನು ಬಯಸಿ ವಾದಿಸಿದವರು ಮಿಲೆಯ ಚಿತ್ರದ ಉದಾಹರಣೆಯನ್ನು ಎತ್ತಿಹೇಳುತ್ತಿದ್ದರು. ಹಕ್ಕಲಾಯುವವರನ್ನು ಬರೆದವನ ವಾರಸುದಾರರು ತಾವೇ ಹಕ್ಕಲಿಗೆ ಕಾದಂತಾಯಿತು!

ಈ ಮೆಚ್ಚುಗೆಯ ಕಾಲವೂ ಗಮನಾರ್ಹವಾಗಿದೆ. 1880ರ ದಶಕದಲ್ಲಿ ಅಮೆರಿಕದ ಅಗ್ಗದ ಗೋದಿಯು ಯೂರೋಪಿಗೆ ಬರುತ್ತಿತ್ತು. ಫ್ರಾನ್ಸಿನ ದ್ರಾಕ್ಷಿತೋಟಗಳನ್ನು ಕೀಟವು ತಿಂದಿತ್ತು. ಒಕ್ಕಲಿಗರು ಹಳ್ಳಿಯನ್ನು ಬಿಟ್ಟು ಪಟ್ಟಣಕ್ಕೆ ಹೋಗುತ್ತಿದ್ದರು. ಹಳ್ಳಿಯು ಬರಿದಾಗತೊಡಗಿದಾಗಲೇ ಸಲೋನಿನ ಗೋಡೆಗಳು ಹಳ್ಳಿಯ ಚಿತ್ರಗಳಿಂದ ತುಂಬಿದವು.

ಕೂಲಿಯ ಲೆಕ್ಕ

ಹಾಗೆಂದು ಆ ಕಾಲದ ಎಲ್ಲರೂ ಕಣ್ಣುಮುಚ್ಚಿದ್ದರೆಂದು ಹೇಳಲಾಗದು. ಬಾಸ್ತಿಯಾಂ ಲೆಪಾಜನು 1877ರಲ್ಲಿ ಬರೆದ 'ಹುಲ್ಲು ಕೊಯ್ಲು' ಚಿತ್ರದಲ್ಲಿ ಮಧ್ಯಾಹ್ನದ ವಿರಾಮಕ್ಕೆ ಕುಳಿತ ಹೆಂಗಸು ಶೂನ್ಯದೃಷ್ಟಿಯಿಂದ ಮುಂದೆ ನೋಡುತ್ತಿದ್ದಾಳೆ. ಅವಳ ದಣಿವಿನಲ್ಲಿ ಭಕ್ತಿಯೂ ಇಲ್ಲ, ಕಾವ್ಯವೂ ಇಲ್ಲ. ಅದು ದಣಿವು ಮಾತ್ರ. ಲೆಯೋಂ ಲೆರ್ಮಿತನು 1882ರಲ್ಲಿ 'ಕೊಯ್ಲಿನವರಿಗೆ ಕೂಲಿ ಬಟವಾಡೆ' ಎಂಬ ಚಿತ್ರವನ್ನು ಬರೆದನು. ಜಮೀನಿನ ಮನೆಯ ಅಂಗಳದಲ್ಲಿ ಕಾರಭಾರಿಯು ನಾಣ್ಯಗಳನ್ನು ಎಣಿಸಿ ಕೊಡುತ್ತಿದ್ದಾನೆ. ಕುಡುಗೋಲಿನ ಕೊಯ್ಲುಗಾರನೊಬ್ಬನು ಕುಳಿತು ಎತ್ತಲೋ ನೋಡುತ್ತಿದ್ದಾನೆ. ಒಬ್ಬ ತಾಯಿಯು ಮಗುವಿಗೆ ಹಾಲೂಡಿಸುತ್ತಿದ್ದಾಳೆ. ಮಿಲೆಯ ಚಿತ್ರದಲ್ಲಿ ಬಹು ದೂರದಲ್ಲಿ ಕುದುರೆಯ ಮೇಲಿದ್ದವನು ಇಲ್ಲಿ ಇಳಿದು, ಹತ್ತಿರಕ್ಕೆ ಬಂದು, ಕೈಯಲ್ಲಿ ಹಣದೊಡನೆ ನಿಂತಿದ್ದಾನೆ. ಸುಗ್ಗಿಯೆಂದರೆ ಹೊಂಬಿಸಿಲು ಮಾತ್ರವಲ್ಲ, ಕೂಲಿಯ ಲೆಕ್ಕವೂ ಹೌದೆಂಬುದನ್ನು ಈ ಚಿತ್ರವು ಮರೆಯಲಿಲ್ಲ.

ಶಿಕ್ಷಕರಿಗೆ ಒಂದು ಮಾತು

ಒಕ್ಕಲಿಗನನ್ನು ಹೊಗಳುವ ಪಾಠಗಳನ್ನು ನಾವು ಪ್ರತಿವರ್ಷವೂ ಹೇಳುತ್ತೇವೆ. ಹೊಗಳಿಕೆಯು ತಪ್ಪಲ್ಲ. ಆದರೆ ಹೊಗಳಿಕೆಯಿಂದಲೇ ಒಬ್ಬನ ಕಷ್ಟವನ್ನು ಮುಚ್ಚಿಬಿಡಲು ಸಾಧ್ಯವೆಂಬುದನ್ನು ಈ ಫ್ರೆಂಚ್ ಚಿತ್ರಗಳ ಇತಿಹಾಸವು ತಿಳಿಸುತ್ತದೆ. ಯಾವುದೇ ಹಳ್ಳಿಯ ಚಿತ್ರವು ಎದುರಿಗೆ ಬಂದಾಗ ಮಕ್ಕಳಿಂದ ಮೂರು ಪ್ರಶ್ನೆಗಳನ್ನು ಕೇಳಿಸಬಹುದು: ಈ ಹೊಲವು ಯಾರದು? ಈ ಚಿತ್ರವನ್ನು ಕೊಂಡವರು ಯಾರು? ಈ ಚೌಕಟ್ಟಿನ ಹೊರಗೆ ಏನು ಉಳಿಯಿತು? ಇಷ್ಟನ್ನು ಕೇಳಿದ ಮೇಲೆ ಚಿತ್ರದ ಸೊಬಗು ಕಡಿಮೆಯಾಗುವುದಿಲ್ಲ. ಮಿಲೆಯ ಮೂವರು ಹೆಂಗಸರು ನನಗೆ ಈಗ ಮೊದಲಿಗಿಂತ ಹೆಚ್ಚು ಸುಂದರರಾಗಿ ಕಾಣುತ್ತಾರೆ.

ಆ ಹುಡುಗಿಗೆ ಮರುದಿನ ಉತ್ತರವನ್ನು ಹೇಳಿದೆನು. ಕುದುರೆಯ ಮೇಲಿನವನು ಕಾರಭಾರಿಯೆಂದೂ, ಹೊತ್ತು ಮುಳುಗುವವರೆಗೆ ಮಾತ್ರ ಆಯಲು ಅವರಿಗೆ ಅಪ್ಪಣೆಯಿತ್ತೆಂದೂ ತಿಳಿಸಿದೆನು. ಅವಳು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿ, "ಹಂಗಾರ ಅವರು ಲಗೂನ ಆರಿಸಬೇಕ್ರಿ" ಎಂದಳು. ಸಲೋನಿನ ವಿಮರ್ಶಕರು ಆ ಚಿತ್ರದ ಬಗೆಗೆ ಬಹಳ ಬರೆದಿದ್ದಾರೆ. ಆ ಹೆಂಗಸರ ಅವಸರವನ್ನು ಕಂಡವಳು ಇವಳೊಬ್ಬಳು.